ಪಕ್ಕದ ಜಾತಿಯ ಮಾರ್ಕರ್ ಇಲ್ಲಿ ನಡೆಯುತ್ತಾ?

ಪ್ರಶ್ನೆ: ಒಂದೇ ಪ್ರದೇಶದಲ್ಲಿ ಮಾತ್ರ ಇರುವ ಸಾಲಮಾಂಡರ್ (ಹಲ್ಲಿಯಂತೆ ಕಾಣುವ, ಕಪ್ಪೆಯ ಬಳಗದ ಪ್ರಾಣಿ) ಜಾತಿಗಳ ಅಧ್ಯಯನಕ್ಕೆ ಡಿಎನ್‌ಎ ನೋಡಿ ಪ್ರಾಣಿಗಳ ಗುರುತು, ಸಂಬಂಧ ತಿಳಿಯುವ ಹೊಸ ಜೆನೆಟಿಕ್ ಮಾರ್ಕರ್‌ಗಳನ್ನೇ ತಯಾರಿಸುತ್ತಾರಂತೆ. ಹತ್ತಿರದ ಜಾತಿಗೆ ಮಾಡಿಟ್ಟಿದ್ದನ್ನೇ ಬಳಸಿದರೆ ಆಗಲ್ವಾ?

ಉತ್ತರ: ಕೆಲವೊಮ್ಮೆ ಆಗುತ್ತದೆ. ದುಡ್ಡು ಉಳಿಯುತ್ತದೆ ಅಂತ ಮೊದಲು ಅದನ್ನೇ ಪ್ರಯತ್ನಿಸುವುದೂ ಉಂಟು. ಆದರೆ ಡಿಎನ್‌ಎ ತುಣುಕಿನ ನಕಲುಗಳನ್ನು ಮಾಡುವ ಪಿಸಿಆರ್‌ನಲ್ಲಿ ಏನೋ ಬಂತು ಅಂತ ಸುಮ್ನೆ ನಂಬಬೇಡಿ.

ಮೈಕ್ರೋಸ್ಯಾಟಲೈಟ್ ಮಾರ್ಕರನ್ನೇ ನೋಡಿ. ಡಿಎನ್‌ಎಯಲ್ಲಿ ಸಿಎ-ಸಿಎ-ಸಿಎ ಅಂತ ಒಂದೇ ತುಣುಕು ಸಾಲಾಗಿ ಬರುವ ಜಾಗ ಅದು. ತಾಯಿಯಿಂದ ಬಂದ ಪ್ರತಿಯಲ್ಲಿ 12 ಸಲ, ತಂದೆಯದರಲ್ಲಿ 15 ಸಲ ಇರಬಹುದು. ಎಣಿಸಬೇಕಾದರೆ ಅದರ ಎರಡೂ ಪಕ್ಕದಲ್ಲಿ ಪ್ರೈಮರ್ ಎಂಬ, ನಾವೇ ಬರೆದ ಪುಟ್ಟ ಡಿಎನ್‌ಎ ತುಣುಕು ಅಂಟಬೇಕು. ಅಂಟುವ ಜಾಗದಲ್ಲಿ ಒಂದೆರಡು ಅಕ್ಷರ ಬದಲಾಗಿದ್ದರೂ ಆ ಪ್ರತಿ ಕಾಣದೇ ಹೋಗಬಹುದು. ತಂದೆಯ 15 ಮಾಯವಾಯಿತು ಅಂದುಕೊಳ್ಳಿ. ನಾವು 12–12 ಅಂತ ಬರೆದುಕೊಳ್ಳುತ್ತೇವೆ. ಹತ್ತಾರು ಪ್ರಾಣಿಗಳಲ್ಲಿ ಹೀಗೆ ಎರಡೂ ಪ್ರತಿ ಒಂದೇ ಅಂತ ಬಂದರೆ ರಕ್ತಸಂಬಂಧಿಗಳೇ ಕೂಡುತ್ತಿವೆ, ಈ ಜಾತಿ ಅಪಾಯದಲ್ಲಿದೆ ಅಂತ ಲೆಕ್ಕ ಹೇಳುತ್ತದೆ. ನಿಜಕ್ಕೂ ಕೆಟ್ಟಿರುವುದು ಪ್ರೈಮರ್!

ಹೊಸದನ್ನು ಹುಡುಕುವುದೂ ತಲೆನೋವೇ. ಮನುಷ್ಯನ ಜೀನೋಮ್, ಅಂದರೆ ಇಡೀ ಡಿಎನ್‌ಎ ಬರಹ, ಸುಮಾರು 300 ಕೋಟಿ ಅಕ್ಷರ. ಮೆಕ್ಸಿಕೋದ ಆಕ್ಸೊಲಾಟಲ್ ಎಂಬ ಸಾಲಮಾಂಡರ್‌ನದು 2018ರಲ್ಲಿ ಪ್ರಕಟವಾಯಿತು, ಸುಮಾರು 3,200 ಕೋಟಿ. ಅದರಲ್ಲಿ ಬಹುಪಾಲು ಹೇಳಿದ್ದನ್ನೇ ಹೇಳುವ ತುಣುಕುಗಳು. ಪ್ರೈಮರ್ ಒಂದು ಕಡೆ ಕೂರುವ ಬದಲು ಹತ್ತು ಕಡೆ ಕೂತರೆ ಫಲಿತಾಂಶ ಮಸಿ ಚೆಲ್ಲಿದ ಹಾಗೆ.

ಇಷ್ಟೆಲ್ಲ ಯಾಕೆ ಅಂತೀರಾ? ಜಪಾನಿನ ದೈತ್ಯ ಸಾಲಮಾಂಡರ್ ಆ ದೇಶ ಬಿಟ್ಟರೆ ಬೇರೆಲ್ಲೂ ಇಲ್ಲ. ಕ್ಯೋಟೋದ ಕಾಮೊ ನದಿಯಲ್ಲಿ ಅದು ಚೀನಾದಿಂದ ತಂದ ದೈತ್ಯ ಸಾಲಮಾಂಡರ್ ಜೊತೆ ಕೂಡಿ ಮಿಶ್ರತಳಿ ಹುಟ್ಟಿದೆ. ಬರೀ ಕಣ್ಣಿಗೆ ಗುರುತು ಹಿಡಿಯುವುದು ಕಷ್ಟ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ, ಅಲ್ವಾ? ತಾಯಿ ಜಪಾನಿನದಾದರೆ ಮಿಶ್ರ ಮರಿಯೂ ಅಸಲಿ ಅಂತಲೇ ತೋರಿಸುತ್ತದೆ. ತಂದೆಯನ್ನು ಹಿಡಿಯಲು ಕೋಶಕೇಂದ್ರದ ಡಿಎನ್‌ಎಯ ಮಾರ್ಕರ್‌ಗಳೇ ಬೇಕು.

ಸ್ಯಾಂಪಲ್‌ಗೆ ಬಾಲದ ತುದಿಯ ಸಣ್ಣ ಚೂರು ಸಾಕು, ಅದು ಮತ್ತೆ ಬೆಳೆಯುತ್ತದೆ. ಬಾಯೊಳಗೆ ಹತ್ತಿಕಡ್ಡಿ ಆಡಿಸಿ ತೆಗೆಯುವುದೂ ಇದೆ.

ಮಾರ್ಕರ್ ಪರೀಕ್ಷಿಸಲು ನನಗೆ ಇಷ್ಟವಾದ ದಾರಿ ಒಂದಿದೆ. ತಾಯಿ ಮತ್ತು ಅದರದೇ ಮೊಟ್ಟೆಯಿಂದ ಬಂದ ಮರಿಗಳನ್ನು ಜೊತೆಗಿಟ್ಟು ನೋಡುವುದು. ತಾಯಿ 12–12, ಮರಿ 15–15 ಅಂತ ಬಂದರೆ ತಾಯಿಯ ಪಾಲು ಎಲ್ಲಿ ಹೋಯಿತು? ಟ್ಯೂಬ್ ಅದಲುಬದಲಾಗಿಲ್ಲ ಅಂತ ನೋಡಿಕೊಂಡು, ಪ್ರೈಮರನ್ನು ಹೊಸದಾಗಿ ಬರೆಯಿರಿ.