ಓದುಗರ ಪ್ರಶ್ನೆ: ರಾತ್ರಿ ಮಗ್ಗುಲು ಬದಲಿಸುವವರು ಯಾರು?

ಪ್ರಶ್ನೆ: ಅಮ್ಮನಿಗೆ 78 ವರ್ಷ, ಲಕ್ವ ಹೊಡೆದು ಮಲಗಿದಲ್ಲೇ ಇದ್ದಾರೆ. ಹಾಸನದ ಒಂದು ಆರೈಕೆ ಕೇಂದ್ರದಲ್ಲಿ ಇರಿಸಿದ್ದೇವೆ. ಬೆನ್ನಿನ ಬುಡದಲ್ಲಿ ಕೆಂಪು ಕಲೆ ಕಂಡು ಕೇಳಿದ್ದಕ್ಕೆ, ‘ಏರ್ ಬೆಡ್ ಹಾಕಿದೀವಿ, ಹನ್ನೆರಡು ಜನ ಸ್ಟಾಫ್ ಇದ್ದಾರೆ, ಏನೂ ಆಗಲ್ಲ’ ಅಂದರು. ನಂಬಬಹುದೇ?
ಓದುಗರೊಬ್ಬರು, ಸಕಲೇಶಪುರ

ಉತ್ತರ: ಕಲೆಯನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಬಣ್ಣ ಕದಲದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಕಾಣಿಸದು. ಅಲ್ಲಿ ಬಿಸಿಯೋ ಗಟ್ಟಿಯೋ ಇದೆಯೇ ಮುಟ್ಟಿ ನೋಡಿ. ಎಣ್ಣೆ ತಿಕ್ಕುವುದು, ಸ್ಪಿರಿಟ್ ಹಚ್ಚುವುದು ಬೇಡ. ಗಾಳಿ ತುಂಬಿದ ರಿಂಗ್ ಕೂಡ ಬೇಡ, ಅದು ಸುತ್ತಲಿನ ರಕ್ತವನ್ನೇ ತಡೆಯುತ್ತದೆ. ಚರ್ಮ ಕಿತ್ತುಬಂದಿದ್ದರೆ ಅಥವಾ ಕಪ್ಪಾಗಿದ್ದರೆ ಅವತ್ತೇ ವೈದ್ಯರಿಗೆ ತೋರಿಸಿ.

ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸಲೇಬೇಕು, ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ. ಪೂರ್ತಿ ಪಕ್ಕಕ್ಕಲ್ಲ, 30 ಡಿಗ್ರಿ ಓರೆಯಾದರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಬೇಕು. ಇಬ್ಬರು ಬೆಡ್‌ಶೀಟ್ ಹಿಡಿದು ಎತ್ತಿ ಸರಿಸಬೇಕು. ಒಬ್ಬರೇ ಎಳೆದರೆ ಚರ್ಮ ಉಜ್ಜಿ ಹರಿಯುತ್ತದೆ.

ಇನ್ನು ಆ ಹನ್ನೆರಡರ ಲೆಕ್ಕ. ಒಂದು ಜಾಗದಲ್ಲಿ ಹಗಲೂ ರಾತ್ರಿ ಒಬ್ಬರು ಇರಬೇಕೆಂದರೆ ವಾರಕ್ಕೆ 168 ಗಂಟೆ. ಒಬ್ಬರ ದುಡಿಮೆ 48 ಗಂಟೆ. ರಜೆ, ಜ್ವರ ಸೇರಿಸಿದರೆ ಒಂದು ಜಾಗಕ್ಕೇ ನಾಲ್ವರು ಬೇಕು. ಅಡುಗೆಯವರು, ವಾಚ್‌ಮನ್, ಆಫೀಸಿನವರನ್ನು ಕಳೆದು ಎಂಟು ಆಯಾಗಳು ಉಳಿದರು ಅನ್ನಿ. ಯಾವ ಹೊತ್ತಿಗೂ ಇರುವುದು ಇಬ್ಬರೇ. ಮಲಗಿದಲ್ಲೇ ಇರುವವರು ಎಂಟು ಜನರಿದ್ದು, ಡೈಪರ್ ಬದಲಿಸಿ ಮಗ್ಗುಲು ಮಾಡಲು ತಲಾ 15 ನಿಮಿಷ ಹಿಡಿದರೆ ಎರಡು ಗಂಟೆ ಅಲ್ಲೇ ಮುಗಿಯಿತು. ಹಗಲಿಗೆ ಜನ ಹೆಚ್ಚು ಹಾಕಿ ರಾತ್ರಿ ಒಬ್ಬರನ್ನೇ ಬಿಟ್ಟಿದ್ದರೆ ಅದು ಆಗದ ಮಾತು. ಹಾಗಾಗಿ ಒಟ್ಟು ಸ್ಟಾಫ್ ಎಷ್ಟು ಅಂತ ಕೇಳಬೇಡಿ. ರಾತ್ರಿ ಎರಡು ಗಂಟೆಗೆ ಯಾರು ಎಚ್ಚರವಿರುತ್ತಾರೆ, ಎಷ್ಟು ಮಂದಿಯನ್ನು ನೋಡಿಕೊಳ್ಳುತ್ತಾರೆ ಅಂತ ಕೇಳಿ.

ಮಗ್ಗುಲು ಬದಲಿಸಿದ ಚಾರ್ಟ್ ತೋರಿಸಲು ಹೇಳಿ. ಇಡೀ ರಾತ್ರಿಯದು ಒಂದೇ ಸಲ ಗೀಚಿದಂತಿದ್ದರೆ ಗೊತ್ತಾಗಿಬಿಡುತ್ತದೆ. ಮಳೆಗಾಲದಲ್ಲಿ ಬೆಡ್‌ಶೀಟನ್ನೂ ಮುಟ್ಟಿ ನೋಡಿ; ನಮ್ಮ ಕಡೆ ಅರೆಬರೆ ಒಣಗಿದ್ದನ್ನೇ ಹಾಸುವುದುಂಟು, ತೇವ ಹಿಡಿದ ಚರ್ಮ ಬೇಗ ಕೆಡುತ್ತದೆ.

ದೂರನ್ನು ಮೊದಲು ಕೇಂದ್ರಕ್ಕೇ ಬರಹದಲ್ಲಿ ಕೊಟ್ಟು, ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಕದಲದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಇಲ್ಲವೇ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ಬರೆಯಿರಿ. ಕಲೆಯ ಫೋಟೊವನ್ನು ದಿನಾಂಕ ಸಮೇತ ಇಟ್ಟುಕೊಂಡಿರಿ.