ಸುಮ್ನೆ ಕೂತರೆ "ಹುಷಾರಿಲ್ವಾ?" ಅಂತಾರೆ

ತುಮಕೂರು ಕಡೆಯ ಹೈಸ್ಕೂಲು ಟೀಚರ್, ವಯಸ್ಸು ನಲವತ್ತು ದಾಟಿದೆ. (ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.) ಸದಾ ಸುಸ್ತು, ಸಣ್ಣದಕ್ಕೂ ರೇಗುತ್ತೇನೆ, ಎಷ್ಟು ಮಲಗಿದರೂ ಆಯಾಸ ಹೋಗಲ್ಲ ಅಂತ ಬಂದಿದ್ದರು. ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲಾ ಸರಿಯಾಗಿತ್ತು. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಆಸಕ್ತಿ ಇಲ್ಲದೆ ಮಂಕಾಗಿದ್ದರೆ ಅದು ಖಿನ್ನತೆ ಇರಬಹುದು, ಹಾಗಾಗಿ ಅದನ್ನೂ ಕೇಳಿದೆ. ಇರಲಿಲ್ಲ.

"ಭಾನುವಾರ ರೆಸ್ಟ್ ತಗೋತೀರಾ?"

"ಹೂಂ ಮೇಡಂ, ಟಿವಿ ನೋಡ್ತೀನಿ."

ಬಿಡಿಸಿ ಕೇಳಿದಾಗ ಗೊತ್ತಾಯಿತು, ಟಿವಿ ಮುಂದೆ ಮೊರದ ತುಂಬ ಅವರೆಕಾಯಿ, ಪಕ್ಕದಲ್ಲಿ ತಿದ್ದಬೇಕಾದ ಉತ್ತರಪತ್ರಿಕೆ, ನಡುನಡುವೆ ಶಾಲೆಯ ವಾಟ್ಸಾಪ್ ಗ್ರೂಪು. ಬರೀ ಕೈಯಲ್ಲಿ ಕೂತರೆ ಅತ್ತೆ "ಯಾಕಮ್ಮ, ಹುಷಾರಿಲ್ವಾ?" ಅಂತಾರಂತೆ. ಅತ್ತೆ ಕೆಟ್ಟವರಲ್ಲ, ಆ ಮನೆಯಲ್ಲಿ ಹೆಂಗಸರು ಕೂರೋದು ಜ್ವರ ಬಂದಾಗ ಮಾತ್ರ, ಅಷ್ಟೇ. ಗಂಡ ಪೇಪರ್ ತೊಡೆ ಮೇಲಿಟ್ಟುಕೊಂಡು ಗಂಟೆಗಟ್ಟಲೆ ಬೀದಿ ನೋಡುತ್ತಾ ಕೂತರೂ ಯಾರೂ ಹಣೆ ಮುಟ್ಟಿ ನೋಡಲ್ಲ!

ಮೊದಲು ತಪ್ಪು ಮಾಡಿದ್ದು ನಾನೇ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಮುಂದಿನ ವಾರ ನೋಟ್‌ಬುಕ್ಕಿಗೆ ಗೆರೆ ಹೊಡೆದು, ದಿನ, ಸಮಯ, ಎಷ್ಟು ಉಸಿರು ಅಂತ ಬರೆದುಕೊಂಡು ಬಂದಿದ್ದರು. ಎರಡು ದಿನ ತಪ್ಪಿದ್ದಕ್ಕೆ ಸಾರಿ ಬೇರೆ. ಇರೋ ಕೆಲಸ ಸಾಲದು ಅಂತ ನಾನೊಂದು ಹೋಂವರ್ಕ್ ಹೇರಿದ್ದೆ.

ಆಮೇಲೆ ಹೇಳಿದ್ದು ಇಷ್ಟು. ಸಂಜೆ ಹತ್ತು ನಿಮಿಷ ಜಗಲಿ ಮೇಲೆ ಕೂತ್ಕೊಳ್ಳಿ. ಫೋನ್ ಬೇಡ, ಜಪ ಬೇಡ, ಧ್ಯಾನವೂ ಬೇಡ, ನೋಟ್‌ಬುಕ್ಕಂತೂ ಬೇಡವೇ ಬೇಡ. ತಲೆಗೆ ಏನು ಬರುತ್ತೋ ಬರಲಿ. ತೂಕಡಿಕೆ ಬಂದರೆ ತೂಕಡಿಸಿ. ಮೊದಮೊದಲು ಚಡಪಡಿಕೆ ಆಗುತ್ತೆ, ಅದು ನಿಮ್ಮೊಬ್ಬರ ಪಾಡಲ್ಲ ಅಂತ ಒಂದು ಪ್ರಯೋಗದ ಕಥೆಯನ್ನೂ ಹೇಳಿದೆ. ಅಮೆರಿಕದ್ದು, 2014ರಲ್ಲಿ ಪ್ರಕಟವಾಗಿದ್ದು. ಶಾಕ್ ಕೊಡೋ ಒಂದು ಬಟನ್ ಬಿಟ್ಟರೆ ಬೇರೇನೂ ಇಲ್ಲದ ಕೋಣೆಯಲ್ಲಿ 15 ನಿಮಿಷ ಒಬ್ಬರೇ ಸುಮ್ನೆ ಕೂತಿರಿ ಅಂದರೆ, 18 ಗಂಡಸರಲ್ಲಿ 12 ಮಂದಿ ತಮಗೆ ತಾವೇ ಕರೆಂಟ್ ಶಾಕ್ ಕೊಟ್ಟುಕೊಂಡಿದ್ದರು.

"ಅವರ ಕೈಗೂ ಅವರೆಕಾಯಿ ಕೊಡಬೇಕಿತ್ತು ಮೇಡಂ" ಅಂತ ನಕ್ಕುಬಿಟ್ಟರು. ಬಂದಾಗಿನಿಂದ ಅವರು ನಕ್ಕಿದ್ದು ಅದೇ ಮೊದಲು.

ಗಂಡನನ್ನೂ ಕರೆಸಿ, ಆ ಹತ್ತು ನಿಮಿಷ ಕಾಫಿ, ಮಕ್ಕಳು, ಬಾಗಿಲಿಗೆ ಬಂದವರು ಎಲ್ಲಾ ನಿಮ್ಮ ಪಾಲು ಅಂದೆ. ತಲೆಯಾಡಿಸಿದರು.

ಮುಂದಿನ ಸಲ ಬಂದಾಗ ಕೇಳಿದರೆ ವಾರದಲ್ಲಿ ಮೂರೇ ದಿನ ಕೂತಿದ್ದರು. ಸಾಕು ಅಂದೆ. ಮೂರನೇ ದಿನ ಅತ್ತೆಯೂ ಬಂದು ಪಕ್ಕದಲ್ಲಿ ಕೂತರಂತೆ, ಮೊರದ ಸಮೇತ. "ಅದು ಲೆಕ್ಕಕ್ಕೆ ಬರುತ್ತಾ ಮೇಡಂ?"

ಅತ್ತೆ ಇರಲಿ, ಮೊರ ಒಳಗಿಟ್ಟು ಬರೋಕೆ ಹೇಳಿ ಅಂದೆ.