ಆ ಬ್ರೇಕ್ ವಾಸನೆ ಎಲ್ಲಿ ಹೋಯಿತು?

ಚಿಕ್ಕಂದಿನಲ್ಲಿ ಮೆಜೆಸ್ಟಿಕ್ ಸ್ಟೇಷನ್‌ಗೆ ರೈಲು ಬಂದು ನಿಲ್ಲುವಾಗ ಮೂಗಿಗೆ ಬಡಿಯುತ್ತಿದ್ದ ಸುಟ್ಟ ವಾಸನೆ ಈಗ ಯಾಕಿಲ್ಲ ಅಂತ ಕೇಳಿದ್ದೀರಿ. ನಿಮ್ಮ ಭ್ರಮೆ ಅಲ್ಲ, ಬ್ರೇಕೇ ಬದಲಾಗಿದೆ.

ಹಳೆಯ ನೀಲಿ ಐಸಿಎಫ್ (ಚೆನ್ನೈನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ ವಿನ್ಯಾಸದ) ಬೋಗಿಗಳಲ್ಲಿ ಬ್ರೇಕ್ ಬ್ಲಾಕ್ ನೇರವಾಗಿ ಚಕ್ರದ ಮೈಗೇ ಒತ್ತಿ ಉಜ್ಜುತ್ತದೆ. ಮೊದಲು ಅದು ಎರಕದ ಕಬ್ಬಿಣದ್ದು: ಕಿಡಿ, ಕಬ್ಬಿಣದ ಪುಡಿ, ನಾಲಿಗೆಗೂ ತಾಗುವಂಥ ಲೋಹದ ಘಾಟು. ಆಮೇಲೆ ರಾಳ ಬೆರೆಸಿದ ಕಾಂಪೊಸಿಷನ್ ಬ್ಲಾಕ್‌ಗಳು ಬಂದವು. ಅವು ಕಾದರೆ ರಾಳ ಸುಟ್ಟು ಬೇರೆಯದೇ ಕಮಟು ವಾಸನೆ. ನಿಮಗೆ ನೆನಪಿರುವುದು ಬಹುಶಃ ಇವೆರಡರ ಮಿಶ್ರಣ. ಸ್ಲೀಪರ್‌ನ ತೆರೆದ ಕಿಟಕಿಯ ಸರಳಿಗೆ ಮುಖ ಒತ್ತಿ ಕೂತವರಿಗೆ ಅದು ನೇರ ಒಳಗೇ ಬರುತ್ತಿತ್ತು. ನನಗಂತೂ ಊರು ಬಂತು ಅಂತ ಗೊತ್ತಾಗುತ್ತಿದ್ದುದೇ ಅದರಿಂದ, ಅದನ್ನು ಈಗಲೂ ತುಂಬಾ ಪ್ರೀತಿಸುತ್ತೇನೆ.

ಚೆನ್ನೈನ ಕಾರ್ಖಾನೆ 2018ರಲ್ಲಿ ಆ ಬೋಗಿಗಳ ತಯಾರಿ ನಿಲ್ಲಿಸಿತು. ಈಗಿನ ಎಲ್‌ಎಚ್‌ಬಿ (ಜರ್ಮನ್ ವಿನ್ಯಾಸದ) ಬೋಗಿಗಳಲ್ಲಿ ಚಕ್ರದ ಅಚ್ಚಿಗೆ (ಆಕ್ಸಲ್) ಜೋಡಿಸಿದ ಡಿಸ್ಕ್ ಬ್ರೇಕ್, ಚಕ್ರದ ಮೈ ಮುಟ್ಟುವುದಿಲ್ಲ. ಎಸಿ ಬೋಗಿಯಾದರೆ ಕಿಟಕಿಯೂ ತೆರೆಯದು. ನಮ್ಮ ಮೆಟ್ರೋದಲ್ಲಂತೂ ವೇಗ ತಗ್ಗಿಸುವ ಕೆಲಸದ ಬಹುಪಾಲು ಮೋಟಾರೇ ಮಾಡಿ ವಿದ್ಯುತ್ ವಾಪಸ್ ಕೊಡುತ್ತದೆ, ಹಾಗಾಗಿ ಉಜ್ಜಾಟವೇ ಕಡಿಮೆ.

ಆ ವಾಸನೆ ಮತ್ತೆ ಸಿಗಬೇಕಾದರೆ ಮಂಗಳೂರು ಕಡೆಗೆ ಹಳೆಯ ಬೋಗಿಯ ರೈಲು ಸಿಕ್ಕರೆ ಹಿಡಿಯಿರಿ. ಸಕಲೇಶಪುರ ದಾಟಿ ಸುಬ್ರಹ್ಮಣ್ಯ ರೋಡ್‌ವರೆಗೆ 50 ಮೀಟರ್‌ಗೆ 1 ಮೀಟರ್‌ನಷ್ಟು ಇಳಿಜಾರು, ಬ್ರೇಕ್‌ಗೆ ಕೆಲಸ ಜಾಸ್ತಿ. ಎಸಿ ಬೇಡ, ಕಿಟಕಿ ತೆರೆಯುವ ಸೀಟೇ ಬುಕ್ ಮಾಡಿ.